ಎಐ ಕಟ್ಟಿದ ಆ್ಯಪ್ ಮತ್ತು ಸದ್ದು ಮಾಡದ ತಪ್ಪುಗಳು

ಎಐ ಒಂದು ಕವಿತೆ ಬರೆದುಕೊಟ್ಟರೆ ಅದು ಗಟ್ಟಿಯೋ ಜೊಳ್ಳೋ ಎಂದು ಹೇಳಲು ಓದುಗ ಬೇಕು. ಕೋಡ್ ಬರೆದುಕೊಟ್ಟರೆ ಆ ಕೆಲಸದ ದೊಡ್ಡ ಪಾಲನ್ನು ಕಂಪ್ಯೂಟರೇ ಮಾಡುತ್ತದೆ. ಒಂದು ಆವರಣ ಚಿಹ್ನೆ ಮುಚ್ಚದೆ ಬಿಟ್ಟರೂ ಸಾಕು, ಇಂಥ ಫೈಲಿನ ಇಂಥ ಸಾಲಿನಲ್ಲಿ ತಪ್ಪಿದೆ ಎಂದು ಕೆಂಪಕ್ಷರದಲ್ಲಿ ಕೂಗುತ್ತದೆ. ಎಐ ಆ ಕೂಗನ್ನು ಓದಿಕೊಂಡು ಸಾಲು ತಿದ್ದುತ್ತದೆ, ಮತ್ತೆ ಓಡಿಸುತ್ತದೆ, ಮತ್ತೆ ತಪ್ಪು ಬಂದರೆ ಮತ್ತೆ ತಿದ್ದುತ್ತದೆ. ಬೇಸರವಿಲ್ಲ, ಸುಸ್ತಿಲ್ಲ. ತರಬೇತಿಯ ಹಂತದಲ್ಲೂ ಇದೇ ಕ್ರಮ ನೆರವಾಗಿದೆ: ಬರೆದ ಕೋಡ್ ಪರೀಕ್ಷೆ ಪಾಸಾದರೆ ಅಂಕ, ಇಲ್ಲದಿದ್ದರೆ ಇಲ್ಲ. ಬೇರೆ ಬರವಣಿಗೆಗಿಂತ ಕೋಡ್‌ನಲ್ಲಿ ಎಐ ಬೇಗ ಪಳಗಿದ್ದಕ್ಕೆ ಇದೊಂದು ಮುಖ್ಯ ಕಾರಣ.

ಮಾತಿನಲ್ಲಿ ಹೇಳಿ ಆ್ಯಪ್ ಕಟ್ಟಿಸುವ ಪದ್ಧತಿಯ ಲಾಭ ಹುಟ್ಟುವುದು ಇಲ್ಲಿಂದ. ಮಿತಿ ಹುಟ್ಟುವುದೂ ಇಲ್ಲಿಂದಲೇ. ಕೂಗುವ ತಪ್ಪನ್ನು ಎಐ ತಿದ್ದುತ್ತದೆ, ಆದರೆ ವ್ಯಾಪಾರದ ಲೆಕ್ಕ ಕೆಡಿಸುವ ತಪ್ಪುಗಳಲ್ಲಿ ಬಹಳಷ್ಟು ಕೂಗುವುದೇ ಇಲ್ಲ. 'ಪ್ರೋಗ್ರಾಮರ್‌ಗಳ ಕಾಲ ಮುಗಿಯಿತು' ಎನ್ನುವವರಿಗೂ 'ಎಐ ಬರೆದದ್ದೆಲ್ಲ ಕಸ' ಎನ್ನುವವರಿಗೂ ಇದೊಂದು ಸಂಗತಿ ಮನದಟ್ಟಾದರೆ ಅರ್ಧ ಜಗಳ ನಿಲ್ಲುತ್ತದೆ.

ಲಾಭದ ಮಾತು ಮೊದಲು ಆಡಿಬಿಡೋಣ, ಏಕೆಂದರೆ ಅದು ನಿಜವಾದ ಲಾಭ. ಶಿರಸಿಯಲ್ಲೊಂದು ಅಡಿಕೆ ವಖಾರಿ ಇದೆ ಎಂದುಕೊಳ್ಳಿ. ರೈತ ತಂದ ಮಾಲು ಚಾಲಿಯೋ ರಾಶಿಯೋ ಬೆಟ್ಟೆಯೋ, ಬಿಳಿಗೋಟೋ ಕೆಂಪುಗೋಟೋ ನೋಡಿ ಬೇರೆ ಬೇರೆ ಬರೆಯಬೇಕು. ತೂಕ ಕಿಲೋದಲ್ಲಿ, ದರ ಕ್ವಿಂಟಾಲಿಗೆ. ಮಳೆಗಾಲದಲ್ಲಿ ಕೊಟ್ಟ ಮುಂಗಡವನ್ನು ಮಾಲಿನ ಹಣದಲ್ಲಿ ಮುರಿದುಕೊಳ್ಳಬೇಕು, ಆದರೆ ಎಲ್ಲವನ್ನೂ ಒಂದೇ ಸಲ ಮುರಿಯುವಂತಿಲ್ಲ, ರೈತನಿಗೂ ಕೈಯಲ್ಲಿ ಕಾಸು ಬೇಕು. ಅಂಗಡಿಯಲ್ಲಿ ಸಿಗುವ ಸಿದ್ಧ ಬಿಲ್ಲಿಂಗ್ ತಂತ್ರಾಂಶದಲ್ಲಿ ಈ ಪದ್ಧತಿಗೆ ಜಾಗವಿರುವುದು ಅಪರೂಪ. ಬೆಂಗಳೂರಿನಿಂದ ಎಂಜಿನಿಯರ್ ಕರೆಸಿದರೆ ಬಿಳಿಗೋಟು ಎಂದರೇನು ಎಂದು ವಿವರಿಸುವುದರಲ್ಲೇ ದಿನ ಹೋಗುತ್ತದೆ, ಬಿಲ್ಲು ಬೇರೆ ಬರುತ್ತದೆ. ಈಗ ವಖಾರಿಯವರೇ ತಮ್ಮ ಪದ್ಧತಿಯನ್ನು ಕನ್ನಡದಲ್ಲೇ ಬರೆದು ಕೊಟ್ಟರೆ ಸಂಜೆಯೊಳಗೆ ಪರದೆಯ ಮೇಲೆ ನಮೂನೆ ಬರುತ್ತದೆ. ಅದನ್ನು ನೋಡಿದ ಕೂಡಲೇ 'ಹೀಗಲ್ಲ, ಮುಂಗಡದ ಕಾಲಂ ಮೊದಲು ಬರಲಿ' ಎನ್ನಬಹುದು. ತನಗೇನು ಬೇಕೆಂದು ವ್ಯಾಪಾರಿಗೇ ಗೊತ್ತಾಗುವುದು ಹೀಗೆ ಕಣ್ಣೆದುರು ಒಂದು ರೂಪ ಬಂದಾಗ. ಇಷ್ಟು ಅಗ್ಗವಾಗಿ, ಇಷ್ಟು ಬೇಗ ಆ ರೂಪ ಸಿಗುವುದು ದೊಡ್ಡ ಬದಲಾವಣೆ ಎಂದೇ ನನ್ನ ಎಣಿಕೆ.

ಈ ಕೆಲಸದ ಶೈಲಿಗೆ 2025ರ ಫೆಬ್ರುವರಿಯಲ್ಲಿ ಎಐ ಸಂಶೋಧಕ ಆಂಡ್ರೇ ಕಾರ್ಪಥಿ 'ವೈಬ್ ಕೋಡಿಂಗ್' ಎಂದು ಹೆಸರಿಟ್ಟರು. ಅದೇ ವರ್ಷ ಕಾಲಿನ್ಸ್ ನಿಘಂಟು ಅದನ್ನು ವರ್ಷದ ಪದವೆಂದು ಆರಿಸಿತು. ಹೆಸರು ಹೊಸದು, ಆಸೆ ತೀರ ಹಳೆಯದು. 1950ರ ದಶಕದಲ್ಲಿ ಅಮೆರಿಕದ ಕಂಪ್ಯೂಟರ್ ತಜ್ಞೆ ಗ್ರೇಸ್ ಹಾಪರ್, ವ್ಯಾಪಾರದ ಲೆಕ್ಕ ಮಾಡುವವರು ಗಣಿತದ ಚಿಹ್ನೆ ಬಿಟ್ಟು ಸಾಮಾನ್ಯ ಇಂಗ್ಲಿಷ್ ಪದಗಳಲ್ಲಿ ಕಂಪ್ಯೂಟರಿಗೆ ಆದೇಶ ಕೊಡುವಂತಾಗಬೇಕೆಂದು ಹೋರಾಡಿದರು. ಇಂಗ್ಲಿಷ್ ಇದ್ದ ಕಡೆ ಫ್ರೆಂಚ್, ಜರ್ಮನ್ ಪದಗಳನ್ನು ಹಾಕಿದರೂ ಇದೇ ಯಂತ್ರ ಕೆಲಸ ಮಾಡುತ್ತದೆ ಎಂದು ತೋರಿಸಿದಾಗ ಅವರಿದ್ದ ಕಂಪ್ಯೂಟರ್ ಕಂಪನಿಯ ಮೇಲಿನವರು ಗಾಬರಿಯಾದರಂತೆ: ಅಮೆರಿಕದಲ್ಲಿ ಮಾಡಿದ ಕಂಪ್ಯೂಟರಿಗೆ ಫ್ರೆಂಚ್ ಬರುವುದಾದರೂ ಹೇಗೆ! ಹಾಪರ್ ಮುಂದೆ ಈ ಪ್ರಸಂಗವನ್ನು ಹೇಳಿಕೊಂಡಿದ್ದರು. ಅವರ ಫ್ಲೋ-ಮ್ಯಾಟಿಕ್ ಭಾಷೆಯ ಪ್ರಭಾವದಲ್ಲಿ 1959ರಲ್ಲಿ ಕೋಬಾಲ್ ರೂಪುಗೊಳ್ಳತೊಡಗಿತು. ಮ್ಯಾನೇಜರುಗಳೂ ಓದಬಲ್ಲ ಭಾಷೆ ಎಂಬುದು ಅದರ ಹೆಗ್ಗಳಿಕೆ. ಕೋಬಾಲ್ ಬಂದದ್ದರಿಂದ ಪ್ರೋಗ್ರಾಮರ್‌ಗಳು ಕಡಿಮೆಯಾಗಲಿಲ್ಲ, ಕೋಬಾಲ್ ಪ್ರೋಗ್ರಾಮರ್ ಎಂಬ ಹೊಸ ಕಸುಬೇ ಹುಟ್ಟಿತು. 1979ರ ವಿಸಿಕ್ಯಾಲ್ಕ್ ಸ್ಪ್ರೆಡ್‌ಶೀಟ್ ಮಾತ್ರ ನಿಜಕ್ಕೂ ಲೆಕ್ಕವನ್ನು ವ್ಯಾಪಾರಿಯ ಕೈಗೇ ಕೊಟ್ಟಿತು. ಅದರ ಜೊತೆಗೇ ತಪ್ಪು ಸೂತ್ರ ಹಾಕಿಕೊಂಡು ವರ್ಷಗಟ್ಟಲೆ ಗೊತ್ತಾಗದೆ ನಡೆಸುವ ಅವಕಾಶವನ್ನೂ ಕೊಟ್ಟಿತು.

1978ರಲ್ಲಿ ನೆದರ್ಲೆಂಡ್ಸ್‌ನ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರ ಆಡುಮಾತಿನಲ್ಲೇ ಆದೇಶ ಕೊಡುವ ಈ ಆಸೆಯನ್ನು ಕಟುವಾಗಿ ಟೀಕಿಸಿದ್ದರು. ಆಡುಮಾತು ಸಲೀಸು ಎನಿಸುವುದೇ ಅದರಲ್ಲಿ ಅಸಂಬದ್ಧವನ್ನು ಗೊತ್ತಾಗದಂತೆ ಹೇಳಿಬಿಡಬಹುದು ಎಂಬ ಕಾರಣಕ್ಕೆ, ಚಿಹ್ನೆಗಳ ಭಾಷೆ ಆ ಸಲಿಗೆ ಕೊಡುವುದಿಲ್ಲ, ಇದು ಅವರ ವಾದದ ತಿರುಳು. ಆಡುಮಾತನ್ನು ಯಂತ್ರ ಇಷ್ಟು ಚೆನ್ನಾಗಿ ಹಿಡಿಯುವ ಕಾಲ ಆಗಿನ್ನೂ ಬಂದಿರಲಿಲ್ಲ. ವಾದ ಮಾತ್ರ ಇವತ್ತಿಗೂ ಅಲ್ಲಾಡಿಲ್ಲ.

ಈಗ ವಖಾರಿಗೆ ವಾಪಸಾಗೋಣ. ಸದ್ದು ಮಾಡದ ತಪ್ಪುಗಳಲ್ಲಿ ನನಗೆ ಅತ್ಯಂತ ಸೋಜಿಗದ್ದು ಇಲ್ಲಿದೆ.

ಗೋದಾಮಿನಲ್ಲಿ 50 ಚೀಲ ಚಾಲಿ ಇದೆ. ವಖಾರಿಯಲ್ಲಿ ಇಬ್ಬರು ಗುಮಾಸ್ತರು, ಇಬ್ಬರ ಕೈಯಲ್ಲೂ ಫೋನ್. ಒಬ್ಬರು 12 ಚೀಲದ ಮಾರಾಟ ಬರೆಯುತ್ತಾರೆ, ಅದೇ ಗಳಿಗೆಯಲ್ಲಿ ಇನ್ನೊಬ್ಬರು 8 ಚೀಲದ್ದು. ಎಐ ಬರೆದ ಕೋಡ್ ಏನು ಮಾಡುತ್ತದೆ? ನಾವು ಹೇಳಿದ್ದನ್ನೇ: 'ದಾಸ್ತಾನು ನೋಡು, ಮಾರಿದ್ದನ್ನು ಕಳೆ, ಉಳಿದದ್ದನ್ನು ಬರೆದಿಡು.' ಮೊದಲ ಫೋನ್ 50 ಎಂದು ಓದಿಕೊಂಡಿತು. ಅದು ಇನ್ನೂ ಬರೆಯುವಷ್ಟರಲ್ಲಿ ಎರಡನೆಯದೂ 50 ಎಂದೇ ಓದಿಕೊಂಡಿತು. ಮೊದಲನೆಯದು 12 ಕಳೆದು 38 ಎಂದು ಬರೆಯಿತು. ಎರಡನೆಯದು ತಾನು ಓದಿದ 50ರಿಂದ 8 ಕಳೆದು, 38ರ ಮೇಲೆಯೇ 42 ಎಂದು ಬರೆಯಿತು. ಗೋದಾಮಿನಲ್ಲಿ ಉಳಿದದ್ದು 30 ಚೀಲ, ಆ್ಯಪ್ ಹೇಳುವುದು 42. ಎರಡೂ ಬಿಲ್ಲು ಸರಿಯಾಗಿವೆ. ಕೆಂಪಕ್ಷರ ಎಲ್ಲೂ ಇಲ್ಲ. ಎರಡೂ ಫೋನ್‌ಗಳು ತಮ್ಮ ಪಾಲಿನ ಲೆಕ್ಕವನ್ನು ಚೂರೂ ತಪ್ಪದೆ ಮಾಡಿವೆ. ತಿಂಗಳ ಕೊನೆಗೆ ದಾಸ್ತಾನು ಎಣಿಸಿದಾಗ 12 ಚೀಲ ಕಡಿಮೆ ಬಿದ್ದರೆ ಅನುಮಾನ ಹೋಗುವುದು ಹಮಾಲರ ಮೇಲೆ. ತಂತ್ರಾಂಶದ ತಪ್ಪಿಗೆ ಬಡವನೊಬ್ಬ ಕೆಲಸ ಕಳೆದುಕೊಳ್ಳುವ ದಾರಿ ಇದು, ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೀವೊಬ್ಬರೇ ಕೂತು ಪರೀಕ್ಷಿಸಿದರೆ ಈ ತಪ್ಪು ಎಷ್ಟು ಸಲ ನೋಡಿದರೂ ಕಾಣಿಸದು. ದಾಸ್ತಾನು ಓದುವುದಕ್ಕೂ ಬರೆಯುವುದಕ್ಕೂ ನಡುವಿನ ಸಂದು ಕೆಲವು ಮಿಲಿಸೆಕೆಂಡಿನಷ್ಟು, ಒಬ್ಬ ಮನುಷ್ಯ ಎರಡು ಫೋನನ್ನು ಅಷ್ಟು ಕರಾರುವಾಕ್ಕಾಗಿ ಒತ್ತಲಾರ. ವ್ಯಾಪಾರ ಬೆಳೆದು, ಹಂಗಾಮು ಜೋರಾದಾಗಲೇ ಅದು ಹೊರಬರುವುದು. 1985ರಿಂದ 87ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ಸಾವುಗಳೂ ಆದವು. ಟೆಕ್ಸಾಸ್‌ನ ಅವಘಡಗಳ ಮೂಲ ಇದೇ ಜಾತಿಯ ತಪ್ಪು: ಆಪರೇಟರ್ ತಾನು ಟೈಪಿಸಿದ್ದನ್ನು ಎಂಟು ಸೆಕೆಂಡಿನೊಳಗೆ ತಿದ್ದಿದರೆ ಆ ತಿದ್ದುಪಡಿ ಯಂತ್ರದ ಒಂದು ಭಾಗಕ್ಕೆ ತಲುಪುತ್ತಿರಲಿಲ್ಲ. ಕೆಲಸ ಕಲಿಯುತ್ತಿದ್ದವರು ನಿಧಾನವಾಗಿ ಒತ್ತುತ್ತಿದ್ದಾಗ ತೊಂದರೆಯಿಲ್ಲ, ಕೈ ಪಳಗಿ ವೇಗ ಬಂದ ಮೇಲೆ ಅನಾಹುತ.

ಪರಿಹಾರ ಹೊಸದೇನಲ್ಲ. 1970ರ ದಶಕದಲ್ಲಿ ಐಬಿಎಂನಲ್ಲಿ ಜಿಮ್ ಗ್ರೇ ಮತ್ತು ಸಂಗಡಿಗರು 'ಟ್ರಾನ್ಸಾಕ್ಷನ್' ಎಂಬ ಪರಿಕಲ್ಪನೆಯನ್ನು ಗಟ್ಟಿಗೊಳಿಸಿದರು: ಓದುವುದು, ಕಳೆಯುವುದು, ಬರೆಯುವುದು ಈ ಮೂರೂ ಒಡೆಯಲಾಗದ ಒಂದೇ ಗಂಟು. ಒಂದೋ ಪೂರ್ತಿ ಆಗಬೇಕು, ಇಲ್ಲವೇ ಆಗಲೇಬಾರದು, ಮಧ್ಯದಲ್ಲಿ ಇನ್ನೊಬ್ಬರು ಕೈ ಹಾಕುವಂತಿಲ್ಲ. 1998ರಲ್ಲಿ ಗ್ರೇಗೆ ಕಂಪ್ಯೂಟರ್ ವಿಜ್ಞಾನದ ಟ್ಯೂರಿಂಗ್ ಪ್ರಶಸ್ತಿ ಬಂತು. ನಾವು ಬ್ಯಾಂಕಿನಿಂದ ಬ್ಯಾಂಕಿಗೆ ನಿಶ್ಚಿಂತೆಯಿಂದ ದುಡ್ಡು ಕಳಿಸುವುದರ ಹಿಂದೆ ಈ ಕೆಲಸವಿದೆ. ಎಐಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. 'ಇಬ್ಬರು ಒಟ್ಟಿಗೇ ಒತ್ತಿದರೆ ಏನಾಗುತ್ತದೆ, ಡೇಟಾಬೇಸಿನಲ್ಲೇ (ಆ್ಯಪ್ ಮಾಹಿತಿ ಕೂಡಿಡುವ ಜಾಗದಲ್ಲೇ) ಒಂದೇ ಆದೇಶದಲ್ಲಿ ಕಳೆ, ಅಷ್ಟು ಚೀಲ ಇದ್ದರೆ ಮಾತ್ರ ಕಳೆ' ಎಂದು ಕೇಳಿದರೆ ಕ್ಷಣದಲ್ಲಿ ಬರೆದುಕೊಡುತ್ತದೆ. ಕೇಳದಿದ್ದರೂ ಕೆಲವೊಮ್ಮೆ ತಾನಾಗಿ ಹಾಕುತ್ತದೆ, ಕೆಲವೊಮ್ಮೆ ಇಲ್ಲ. ಹಾಕಿದೆಯೋ ಇಲ್ಲವೋ ಎಂದು ಪರದೆ ನೋಡಿ ಹೇಳಲು ಬರುವುದಿಲ್ಲ.

ಪೈಸೆಯ ಲೆಕ್ಕವೂ ಇಂಥದ್ದೇ. ಮೂರನೇ ಒಂದನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೆ ಸಾಗುವಂತೆ, ಹತ್ತನೇ ಒಂದನ್ನು ಕಂಪ್ಯೂಟರ್ ಬಳಸುವ ದ್ವಿಮಾನದಲ್ಲಿ, ಅಂದರೆ ಬರೀ 0 ಮತ್ತು 1ರಲ್ಲಿ ಬರೆದರೂ ಮುಗಿಯುವುದಿಲ್ಲ. ಹಾಗಾಗಿ ಎಷ್ಟೋ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಾಳಿಯ ಸ್ಕಡ್ ಕ್ಷಿಪಣಿಯನ್ನು ತಡೆಯಲಾರದೆ 28 ಅಮೆರಿಕನ್ ಸೈನಿಕರು ಸತ್ತದ್ದು, ಹತ್ತನೇ ಒಂದು ಸೆಕೆಂಡಿನ ಇದೇ ಶೇಷ ನೂರು ಗಂಟೆ ಸೇರುತ್ತ ಹೋಗಿ ಸುಮಾರು 0.34 ಸೆಕೆಂಡಾಗಿ ಬೆಳೆದದ್ದರಿಂದ. ಹಣವನ್ನು ಪೈಸೆಯ ಪೂರ್ಣಾಂಕದಲ್ಲಿ ಇಡು ಎಂದರೆ ಈ ಪೀಡೆ ತೊಲಗುತ್ತದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ₹100.20ರ ಮೇಲೆ ಶೇ 5 ಜಿಎಸ್‌ಟಿ ಎಂದರೆ ₹5.01. ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ: ತಲಾ ₹2.505. ಎರಡನ್ನೂ ಮೇಲಕ್ಕೆ ಸರಿಹೊಂದಿಸಿದರೆ ಮೊತ್ತ ₹5.02, ಕೆಳಕ್ಕಾದರೆ ₹5.00. ಯಾವುದು ಬೇಕೆಂದು ಲೆಕ್ಕಪರಿಶೋಧಕರನ್ನು ಕೇಳಿ ನೀವು ತೀರ್ಮಾನಿಸಬೇಕು. ನೀವು ಹೇಳದಿದ್ದರೆ ಎಐ ತಾನೇ ಒಂದನ್ನು ಆರಿಸಿ ಸುಮ್ಮನಾಗುತ್ತದೆ.

ಮೂರನೆಯದು ಗ್ರಾಹಕರ ಮಾಹಿತಿಯ ಗುಟ್ಟು ಕಾಯುವ ಮಾತು. ಇಂಥ ಉಪಕರಣಗಳು ಕಟ್ಟುವ ಎಷ್ಟೋ ಆ್ಯಪ್‌ಗಳಲ್ಲಿ ಗ್ರಾಹಕನ ಬ್ರೌಸರ್ ನೇರವಾಗಿ ಡೇಟಾಬೇಸಿನ ಜೊತೆ ಮಾತಾಡುತ್ತದೆ. ಯಾರು ಯಾವ ಸಾಲು ಓದಬಹುದೆಂಬ ನಿಯಮ ಡೇಟಾಬೇಸಿನಲ್ಲೇ ಇರಬೇಕು. ಆ ನಿಯಮ ಬರೆಯದೆ ಬೇರೆಯವರ ಖಾತೆಯನ್ನು ಪರದೆಯಲ್ಲಷ್ಟೇ ಕಾಣದಂತೆ ಮಾಡುವುದು, ಅಂಗಡಿಯ ಮುಂದೆ ಪರದೆ ಎಳೆದು ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. 2025ರಲ್ಲಿ ಲವಬಲ್ ಎಂಬ ಉಪಕರಣದಲ್ಲಿ ಕಟ್ಟಿದ 1,645 ಆ್ಯಪ್‌ಗಳನ್ನು ತಪಾಸಣೆ ಮಾಡಿದವರಿಗೆ 170ರಲ್ಲಿ ಇಂಥ ಬಾಗಿಲು ತೆರೆದಿದ್ದದ್ದು ಕಂಡಿತು. ಅದೇ ವರ್ಷ ಜುಲೈಯಲ್ಲಿ ಇಂಥದೇ ಇನ್ನೊಂದು ಉಪಕರಣವಾದ ರೆಪ್ಲಿಟ್‌ನ ಎಐ ಏಜೆಂಟ್, ಏನನ್ನೂ ಮುಟ್ಟಬೇಡ ಎಂದು ಹೇಳಿದ್ದರೂ ಜೇಸನ್ ಲೆಮ್ಕಿನ್ ಎಂಬ ಉದ್ಯಮಿಯ ಚಾಲ್ತಿ ಡೇಟಾಬೇಸನ್ನೇ ಅಳಿಸಿಹಾಕಿತು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿ, ಪ್ರಯೋಗದ ಡೇಟಾ ಮತ್ತು ಚಾಲ್ತಿ ಡೇಟಾ ಬೇರೆ ಬೇರೆ ಇರುವಂತೆ ಮಾಡಿದರು. ಹಳೆಯ ಎಂಜಿನಿಯರ್‌ಗಳು ಮೊದಲ ದಿನವೇ ಮಾಡುವ ಕೆಲಸವದು.

ಪಳಗಿದವರಿಗೂ ಈ ಮೌನ ಕಾಡುತ್ತದೆ. 2025ರಲ್ಲಿ ಎಂಇಟಿಆರ್ ಎಂಬ ಸಂಶೋಧನಾ ಸಂಸ್ಥೆ, ತಮಗೆ ಚೆನ್ನಾಗಿ ಗೊತ್ತಿದ್ದ ಕೋಡ್ ಮೇಲೆ ಕೆಲಸ ಮಾಡುವ 16 ಅನುಭವಿ ಡೆವಲಪರ್‌ಗಳನ್ನು ಗಮನಿಸಿತು. ಎಐ ಬಳಸಿದಾಗ ಅವರಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಅವರು ಮಾತ್ರ ಶೇ 20ರಷ್ಟು ಬೇಗ ಮುಗಿಸಿದೆವು ಎಂದೇ ನಂಬಿದ್ದರು. ಗೊತ್ತಿಲ್ಲದ ಜಾಗದಲ್ಲಿ ಹೊಸದಾಗಿ ಕಟ್ಟುವವರಿಗೆ ಈ ಅಂಕಿ ಅನ್ವಯಿಸದು. ಆದರೆ ಬೇಗ ಆಯಿತೆಂಬ ಅನಿಸಿಕೆಯನ್ನೇ ಅಳತೆಗೋಲು ಮಾಡಿಕೊಂಡು ಹಣ ಹೂಡುವವರು ಇದನ್ನು ಓದಿಕೊಳ್ಳಬೇಕು.

ಕನ್ನಡದವರಿಗೆ ಇನ್ನೊಂದು ತಾಪತ್ರಯವಿದೆ. ಪರದೆಯ ಮೇಲೆ 'ಅಣ್ಣಪ್ಪ' ಎಂದು ಸರಿಯಾಗಿ ಕಂಡ ಹೆಸರು, ಪಿಡಿಎಫ್ ಬಿಲ್ಲಿನಲ್ಲಿ ಒತ್ತು ಕಳಚಿ 'ಅಣ್‌ಣಪ್‌ಪ' ಆಗಬಹುದು, ಏಕೆಂದರೆ ಪಿಡಿಎಫ್ ತಯಾರಿಸುವ ಎಲ್ಲ ಲೈಬ್ರರಿಗಳಿಗೂ (ಸಿದ್ಧ ಕೋಡ್ ಕಂತೆಗಳಿಗೂ) ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಹೆಗಡೆ ಎಂದು ಒಬ್ಬರು, ಹೆಗ್ಡೆ ಎಂದು ಇನ್ನೊಬ್ಬರು ಬರೆದರೆ ಒಬ್ಬನೇ ರೈತನಿಗೆ ಎರಡು ಖಾತೆ, ಮುಂಗಡ ಒಂದರಲ್ಲಿ, ಮಾಲಿನ ಹಣ ಇನ್ನೊಂದರಲ್ಲಿ. ಇದಕ್ಕೂ ಕೆಂಪಕ್ಷರ ಬರುವುದಿಲ್ಲ. ಪ್ರತಿ ರೈತನಿಗೂ ಒಂದು ಸಂಖ್ಯೆ ಕೊಟ್ಟು, ಹೆಸರಿನ ಬದಲು ಅದರಿಂದ ಖಾತೆ ಗುರುತಿಸಿ ಎಂದು ಮೊದಲೇ ಹೇಳಬೇಕು.

ಹಾಗಾದರೆ ವಖಾರಿಯವರು ಏನು ಮಾಡಬೇಕು? ಕಟ್ಟಲಿ, ಖಂಡಿತ ಕಟ್ಟಲಿ. ದರಪಟ್ಟಿ, ದಿನದ ಆವಕದ ಪಟ್ಟಿ, ರೈತರಿಗೆ ಕಳಿಸುವ ಸಂದೇಶ ಇವೆಲ್ಲ ತಪ್ಪಿದರೂ ತಿದ್ದಿಕೊಳ್ಳಬಹುದಾದವು, ಅಲ್ಲಿ ಹಿಂಜರಿಕೆ ಬೇಡ. ದುಡ್ಡು, ದಾಸ್ತಾನು, ಬೇರೆಯವರ ಆಧಾರ್ ಅಥವಾ ಬ್ಯಾಂಕ್ ವಿವರ ಬಂದ ಕಡೆ ಮಾತ್ರ ಕೋಡ್ ಓದಬಲ್ಲ ಒಬ್ಬರಿಗೆ ಅರ್ಧ ದಿನದ ಸಂಬಳ ಕೊಟ್ಟು ತೋರಿಸಲಿ. ಏಳೆಂಟು ಜನ ಏಳೆಂಟು ಫೋನ್‌ಗಳಿಂದ ಒಂದೇ ಮಾಲನ್ನು ಒಟ್ಟಿಗೇ ಮಾರಿ ನೋಡಲಿ. ಕೈಬೆರಳಿನ ವೇಗ ಸಾಲದಿದ್ದರೆ ಎಐಗೇ ಹೇಳಿ, ಒಂದೇ ಕ್ಷಣದಲ್ಲಿ ನೂರು ಮಾರಾಟ ಕಳಿಸಿ, ಉಳಿದ ದಾಸ್ತಾನು ತಾಳೆಯಾಗದಿದ್ದರೆ ಕೂಗುವ ಪರೀಕ್ಷಾ ಪ್ರೋಗ್ರಾಂ ಬರೆಸಬಹುದು. ಹಾಗೆ ಮಾಡಿದಾಗ, ಅದುವರೆಗೆ ಬಾಯಿ ಬಿಡದಿದ್ದ ತಪ್ಪು ಎಐಗೆ ಅರ್ಥವಾಗುವ ಕೆಂಪಕ್ಷರವಾಗಿ ಬರುತ್ತದೆ, ಮುಂದಿನ ತಿದ್ದುಪಡಿಯನ್ನು ಅದೇ ನೋಡಿಕೊಳ್ಳುತ್ತದೆ. ಒಂದು ಹಂಗಾಮು ಮುಗಿಯುವವರೆಗೆ ಹಳೆಯ ಖಾತೆ ಪುಸ್ತಕವೂ ಆ್ಯಪಿನ ಪಕ್ಕದಲ್ಲೇ ನಡೆಯಲಿ, ವಾರಕ್ಕೊಮ್ಮೆ ಗೋದಾಮಿನ ಚೀಲ ಎಣಿಸಿ ಎರಡನ್ನೂ ತಾಳೆ ನೋಡಲಿ.