ರೇಷನ್ ಅಕ್ಕಿ ಇದೆ, ಕೈಯಲ್ಲಿ 6,000 ರೂಪಾಯಿ: ನಾಲ್ಕು ಜನಕ್ಕೆ ಪೌಷ್ಟಿಕ ಊಟ ಹೇಗೆ?

ಪ್ರಶ್ನೆ: ಮನೆಯಲ್ಲಿ ನಾವಿಬ್ಬರು, 8 ಮತ್ತು 11 ವರ್ಷದ ಇಬ್ಬರು ಮಕ್ಕಳು. ರೇಷನ್ ಕಾರ್ಡಿನಲ್ಲಿ ಅಕ್ಕಿ ಬರುತ್ತದೆ. ಅದು ಬಿಟ್ಟು ದಿನಸಿ, ಹಾಲು, ತರಕಾರಿ ಎಲ್ಲ ಸೇರಿ ತಿಂಗಳಿಗೆ 6,000 ರೂಪಾಯಿ ದಾಟುವಂತಿಲ್ಲ. ಹೊಟ್ಟೆಗೇನೂ ಕೊರತೆಯಿಲ್ಲ, ಆದರೂ ಮಕ್ಕಳು ಸೊರಗಿದಂತೆ ಕಾಣುತ್ತಾರೆ. ಡ್ರೈಫ್ರೂಟ್ಸ್, ಹೆಲ್ತ್ ಡ್ರಿಂಕ್ ಎಲ್ಲ ತರಲು ಆಗುವುದಿಲ್ಲ. ಇಷ್ಟರಲ್ಲಿ ಒಳ್ಳೆಯ ಊಟ ಕೊಡಲು ಸಾಧ್ಯವೇ?

ಉತ್ತರ: ಸಾಧ್ಯ. ಡ್ರೈಫ್ರೂಟ್ಸೂ ಬೇಡ, ಹೆಲ್ತ್ ಡ್ರಿಂಕೂ ಬೇಡ. ಆದರೆ ಸಾಮಾನಿನ ಚೀಟಿಯಲ್ಲಿ ಒಂದು ಸಾಲು ಬದಲಾಗಲೇಬೇಕು, ಅದು ಬೇಳೆಕಾಳಿನದು. ನಾಲ್ಕು ಜನರ ಮನೆಗೆ ತಿಂಗಳಿಗೆ ಒಂದೂವರೆ ಕೆ.ಜಿ. ತೊಗರಿಬೇಳೆ, ಅರ್ಧ ಕೆ.ಜಿ. ಹೆಸರುಕಾಳು ತಂದು ಮುಗಿಸುವವರೇ ಹೆಚ್ಚು. ಬೇಕಿರುವುದು ಬೇಳೆ, ಕಾಳು ಸೇರಿ 6 ಕೆ.ಜಿ. ಹೊಟ್ಟೆ ತುಂಬಿಯೂ ಮಕ್ಕಳು ಸೊರಗುವುದಕ್ಕೆ ಬಹಳ ಮನೆಗಳಲ್ಲಿ ಕಾರಣ ಇಲ್ಲೇ ಇದೆ: ತಟ್ಟೆಯಲ್ಲಿ ಅನ್ನ ಗುಡ್ಡೆಯಾಗಿರುತ್ತದೆ, ಅದರ ಮೇಲಿನ ಸಾರು ನೀರಾಗಿರುತ್ತದೆ.

ಲೆಕ್ಕ ನೋಡಿ. ಒಂದು ಹಿಡಿ ತೊಗರಿಬೇಳೆ ಎಂದರೆ ಸುಮಾರು 50 ಗ್ರಾಂ, ಅದರಲ್ಲಿರುವ ಪ್ರೋಟೀನ್ 11 ಗ್ರಾಂ. ನಾಲ್ಕು ಜನಕ್ಕೆ ಹಂಚಿದರೆ ಒಬ್ಬರಿಗೆ ಮೂರು ಗ್ರಾಂ ಕೂಡ ಬರುವುದಿಲ್ಲ. ಅದೇ ಪಾತ್ರೆಗೆ ಮೂರು ಹಿಡಿ ಹಾಕಿದರೆ ತಲಾ 8 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣದ ಪ್ರಕಾರ ದಿನಕ್ಕೆ ಗಂಡಸಿಗೆ 54 ಗ್ರಾಂ, ಹೆಂಗಸಿಗೆ 46 ಗ್ರಾಂ, 7ರಿಂದ 9 ವರ್ಷದ ಮಗುವಿಗೆ 23 ಗ್ರಾಂ, 10ರಿಂದ 12ರವರಿಗೆ 32-33 ಗ್ರಾಂ ಪ್ರೋಟೀನ್ ಬೇಕು. ನಿಮ್ಮ ಮನೆಗೆ ಒಟ್ಟು ಸುಮಾರು 155 ಗ್ರಾಂ. ಅಕ್ಕಿ, ರಾಗಿ ಸೇರಿ ದಿನಕ್ಕೆ 900 ಗ್ರಾಂ ಬಳಸಿದರೆ ಅದರಿಂದ 65 ಗ್ರಾಂ ಸಿಗುತ್ತದೆ. ಬೇಳೆಕಾಳು 200 ಗ್ರಾಂ ಇದ್ದರೆ 44, ಮುಕ್ಕಾಲು ಲೀಟರ್ ಹಾಲಿನಿಂದ 24, ಒಂದು ಹಿಡಿ ಕಡಲೆಬೀಜದಿಂದ 12, ಎರಡು ಮೊಟ್ಟೆಯಿಂದ 12. ಅಲ್ಲಿಗೆ ಲೆಕ್ಕ ಸರಿಹೋಯಿತು. ಈ ಪಟ್ಟಿಯಿಂದ ಬೇಳೆಕಾಳನ್ನು ಕಾಲುಭಾಗಕ್ಕೆ ಇಳಿಸಿದರೆ ಬೀಳುವ ಹಳ್ಳವನ್ನು ಅನ್ನದಿಂದ ಮುಚ್ಚಲಾಗುವುದಿಲ್ಲ. ಎರಡನ್ನೂ ಒಟ್ಟಿಗೆ ತಿನ್ನುವುದರಲ್ಲಿ ಇನ್ನೊಂದು ಲಾಭವಿದೆ: ಅಕ್ಕಿಯ ಪ್ರೋಟೀನಿನಲ್ಲಿ ಕಡಿಮೆ ಇರುವ ಅಂಶ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆ ಇರುವುದು ಅಕ್ಕಿಯಲ್ಲಿದೆ.

ಬೇಳೆ ದುಬಾರಿ ಎನ್ನುವ ಮಾತು ನಿಜ. ಅದಕ್ಕೇ ಕೆ.ಜಿ. ಬೆಲೆ ನೋಡಬೇಡಿ, 10 ಗ್ರಾಂ ಪ್ರೋಟೀನಿಗೆ ಎಷ್ಟು ಬೀಳುತ್ತದೆ ಎಂದು ನೋಡಿ. ತೊಗರಿಬೇಳೆ ಕೆ.ಜಿ.ಗೆ 120 ರೂಪಾಯಿ ಎಂದಿಟ್ಟುಕೊಂಡರೆ 10 ಗ್ರಾಂ ಪ್ರೋಟೀನಿಗೆ ಐದೂವರೆ ರೂಪಾಯಿ. ಹುರುಳಿಕಾಳು 80 ರೂಪಾಯಿ ಇದ್ದರೆ ಮೂರೂವರೆಯ ಆಸುಪಾಸು. ಕಡಲೆಬೀಜ 130 ಇದ್ದರೆ ಐದು ರೂಪಾಯಿ ಚಿಲ್ಲರೆ. 7 ರೂಪಾಯಿಯ ಮೊಟ್ಟೆಯಲ್ಲಿ ಹನ್ನೊಂದೂವರೆ, 48 ರೂಪಾಯಿಯ ಹಾಲಿನಲ್ಲಿ 15, ಪನೀರಿನಲ್ಲಿ 20 ದಾಟುತ್ತದೆ. ಎಲ್ಲಕ್ಕಿಂತ ಅಗ್ಗ ಸೋಯಾ ಚಂಕ್ಸ್, ಮೂರು ರೂಪಾಯಿಯೊಳಗೆ. ವಾರಕ್ಕೊಮ್ಮೆ ಪಲಾವಿಗೋ ಸಾಗುವಿಗೋ 60 ಗ್ರಾಂ ಹಾಕಿ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಎರಡು ಸಲ ಗಟ್ಟಿಯಾಗಿ ಹಿಂಡಿದರೆ ಅದರ ಹಸಿ ವಾಸನೆ ಹೋಗುತ್ತದೆ. ಹಿಂಡದೆ ಹಾಕಿದ ಮನೆಗಳಲ್ಲೇ ಮಕ್ಕಳು ಅದನ್ನು ತಟ್ಟೆಯ ಅಂಚಿಗೆ ತಳ್ಳುವುದು.

ಹಾಗಾಗಿ 6 ಕೆ.ಜಿ.ಯಲ್ಲಿ ತೊಗರಿಬೇಳೆ ಎರಡೂವರೆ ಸಾಕು. ಉಳಿದ ಮೂರೂವರೆ ಕೆ.ಜಿ. ಹುರುಳಿ, ಅಲಸಂದೆ, ಹೆಸರುಕಾಳು, ಕಡಲೆಕಾಳು ಇರಲಿ. ಉತ್ತರ ಕರ್ನಾಟಕದವರಿಗೆ ಮಡಿಕೆಕಾಳು ಸುಲಭವಾಗಿ ಸಿಗುತ್ತದೆ. ಕರಾವಳಿಯಲ್ಲಿರುವವರು ಸೀಸನ್ನಿನಲ್ಲಿ ಬೂತಾಯಿ ಅಗ್ಗವಾದಾಗ ಕಾಳಿನ ಪಾಲನ್ನು ಸ್ವಲ್ಪ ಇಳಿಸಿ ಮೀನಿಗೆ ಕೊಡಬಹುದು.

ಕಡಿಮೆ ದುಡ್ಡಿನಲ್ಲಿ ಹೆಚ್ಚು ಸತ್ವ ಕೊಡುವ ಅಡುಗೆ ಯಾವುದು ಎಂದು ಕೇಳಿದರೆ ನಮ್ಮ ಮೊದಲ ಉತ್ತರ ಬಸ್ಸಾರು. ಸೊಪ್ಪು, ಕಾಳು, ಬೇಯಿಸಿದ ನೀರು ಮೂರೂ ತಟ್ಟೆಗೇ ಬರುತ್ತವೆ, ಒಂದೇ ಒಲೆಯ ಖರ್ಚಿನಲ್ಲಿ ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ. ನಾಲ್ಕು ಜನಕ್ಕೆ 150 ಗ್ರಾಂ ಅಲಸಂದೆ ಕಾಳನ್ನು ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಒಂದೂಕಾಲು ಲೀಟರ್ ನೀರಿನಲ್ಲಿ ಮುಕ್ಕಾಲು ಬೇಯುವವರೆಗೆ ಬೇಯಿಸಿ, ಹೆಚ್ಚಿದ ದಂಟಿನ ಸೊಪ್ಪು ಅಥವಾ ಹರಿವೆ ಒಂದು ದೊಡ್ಡ ಕಟ್ಟು, ಸ್ವಲ್ಪ ಉಪ್ಪು ಹಾಕಿ ಇನ್ನು ಐದಾರು ನಿಮಿಷ ಬಿಡಿ. ಜಾಲರಿಯಲ್ಲಿ ಬಸಿದು ನೀರನ್ನು ಪಾತ್ರೆಯಲ್ಲಿ ಹಿಡಿಯಿರಿ. ಒಂದು ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿಯನ್ನು ಬಾಡಿಸಿ, ಎರಡು ಚಮಚ ಸಾರಿನ ಪುಡಿ, ನೆಲ್ಲಿಕಾಯಿ ಗಾತ್ರದ ಹುಣಸೆ, ಎರಡು ಚಮಚ ಕಾಯಿತುರಿ, ಜೊತೆಗೆ ಬೆಂದ ಕಾಳು-ಸೊಪ್ಪು ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ ಬಸಿದ ನೀರಿಗೆ ಹಾಕಿ ಕುದಿಸಿ. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ.

ಇದು ಕೆಡುವುದು ಎರಡು ಮೂರು ಕಡೆ. ಕಾಳನ್ನು ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿದರೆ ಪಲ್ಯ ಮುದ್ದೆಯಾಗುತ್ತದೆ. ರುಬ್ಬುವಾಗ ಕಾಳಿನ ಸೌಟನ್ನು ಬಿಟ್ಟರೆ ಸಾರು ತೆಳ್ಳಗಾಗಿ, ಅದನ್ನು ಗಟ್ಟಿ ಮಾಡಲು ಕಾಯಿ ಹೆಚ್ಚು ಹಾಕುತ್ತೀರಿ, ಖರ್ಚು ಏರುತ್ತದೆ. ಹುಣಸೆಯನ್ನು ಕಾಳು ಬೇಯುವ ಮೊದಲೇ ಹಾಕಿದರೆ ಹುಳಿಗೆ ಕಾಳು ಗಟ್ಟಿಯಾಗಿಯೇ ಉಳಿದು ಗ್ಯಾಸ್ ಸುಮ್ಮನೆ ಉರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಖಾರ ಎಂದು ಮಕ್ಕಳಿಗೆ ಬರೀ ತಿಳಿ ಬಡಿಸಿ ಪಲ್ಯವನ್ನು ದೊಡ್ಡವರು ತಿಂದರೆ ಸತ್ವವೆಲ್ಲ ದೊಡ್ಡವರಿಗೆ ಹೋಯಿತು. ಪಲ್ಯಕ್ಕೆ ಖಾರ ಕಡಿಮೆ ಮಾಡಿ, ಮೊದಲು ಮಕ್ಕಳ ತಟ್ಟೆಗೆ ಹಾಕಿ. ಆಮೇಲೆ ಇನ್ನೊಂದು ಮಾತು: ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ತಿನ್ನುವ ತಾಯಂದಿರಿಗೆ ಪಾತ್ರೆಯಲ್ಲಿ ಸಿಗುವುದು ಅನ್ನ ಮತ್ತು ತಿಳಿ. ರಕ್ತಹೀನತೆ ಹೆಂಗಸರಲ್ಲಿ ಹೆಚ್ಚಿರುವಾಗ ಇದು ಸಣ್ಣ ವಿಷಯವಲ್ಲ. ನಿಮ್ಮ ಪಾಲಿನ ಪಲ್ಯವನ್ನು ಮೊದಲೇ ತೆಗೆದಿಡಿ.

ಹುರುಳಿಯನ್ನೂ ಇದೇ ಕ್ರಮದಲ್ಲಿ ಬಳಸಿ. ಕಟ್ಟು ಬಸಿದು ಸಾರು ಮಾಡಿ ಕಾಳನ್ನು ದನಕ್ಕೆ ಹಾಕುವ ರೂಢಿ ಕೆಲವು ಕಡೆ ಇದೆ. ಕಾಳಿನ ಪ್ರೋಟೀನ್ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ, ಅದು ಉಸಲಿಯಾಗಿ ನಿಮ್ಮ ತಟ್ಟೆಗೇ ಬರಲಿ. ಮೊಳಕೆ ಕಟ್ಟಿದರೆ ಇನ್ನೂ ಒಳ್ಳೆಯದು. ಹೆಸರುಕಾಳು 8 ಗಂಟೆ ನೆನೆದು ಒಂದು ದಿನದೊಳಗೆ ಮೊಳೆಯುತ್ತದೆ. ಹುರುಳಿಗೆ 12 ಗಂಟೆ ನೆನೆ, ಒಂದರಿಂದ ಒಂದೂವರೆ ದಿನ ಬಟ್ಟೆಯ ಗಂಟು ಬೇಕು. ಗಂಟಿನಡಿ ನೀರು ನಿಂತರೆ ಲೋಳೆ ಬಂದು ಹುಳಿವಾಸನೆ ಹೊಡೆಯುತ್ತದೆ, ಆದ್ದರಿಂದ ನೀರು ಪೂರ್ತಿ ಸೋರಿದ ಮೇಲೇ ಕಟ್ಟಿ. ಮಕ್ಕಳಿಗೆ ಮೊಳಕೆಕಾಳನ್ನು ಹಸಿಯಾಗಿ ಕೊಡುವುದಕ್ಕಿಂತ ಆವಿಯಲ್ಲಿ ಬೇಯಿಸಿ ಕೊಡಿ.

ಹಾಲಿನ ವಿಷಯ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಒಬ್ಬರಿಗೆ ದಿನಕ್ಕೆ 300 ಮಿ.ಲೀ. ಹಾಲು ಅಥವಾ ಮೊಸರು ಹೇಳುತ್ತದೆ. ನಿಮ್ಮ ದುಡ್ಡಿನಲ್ಲಿ ಅಷ್ಟು ಆಗುವುದಿಲ್ಲ. ಮುಕ್ಕಾಲು ಲೀಟರಿನಲ್ಲಿ ನಿಲ್ಲಿಸಿ, ಮಕ್ಕಳ ಲೋಟ ತುಂಬಿದ ಮೇಲೆ ಉಳಿದದ್ದು ಕಾಫಿ, ಮೊಸರಿಗೆ. ಕೊರತೆ ಬೀಳುವ ಕ್ಯಾಲ್ಸಿಯಂಗೆ ರಾಗಿ ಇದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ, ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ತಿಂಗಳಿಗೆ 7 ಕೆ.ಜಿ. ಇಡಿ ರಾಗಿ ತಂದು ಗಿರಣಿಗೆ ಹಾಕಿಸಿ, ಪ್ಯಾಕೆಟ್ ಹಿಟ್ಟಿಗಿಂತ ಕಡಿಮೆಗೆ ಬರುತ್ತದೆ. ಕಾಳಾಗಿಟ್ಟ ರಾಗಿಗೆ ಹುಳು ಸುಲಭವಾಗಿ ಬೀಳುವುದಿಲ್ಲ, ಹಾಗಾಗಿ ಸುಗ್ಗಿಯಲ್ಲಿ ಮೂರ್ನಾಲ್ಕು ತಿಂಗಳಿಗಾಗುವಷ್ಟು ಕೊಳ್ಳಬಹುದು. ಹಿಟ್ಟು ಮಾತ್ರ ತಿಂಗಳಿಗೆ ಬೇಕಾದಷ್ಟೇ ಬೀಸಿಸಿ. ಮುದ್ದೆ ಒಲ್ಲದ ಮಗುವಿಗೆ ರಾಗಿ ದೋಸೆ, ರಾಗಿ ರೊಟ್ಟಿ ಮಾಡಿ. ನುಗ್ಗೆಸೊಪ್ಪು ಹಾಕಿದ ರಾಗಿ ರೊಟ್ಟಿಯ ಮುಂದೆ ಯಾವ ಡಬ್ಬಿಯ ಪುಡಿಯೂ ನಿಲ್ಲುವುದಿಲ್ಲ. ಡಬ್ಬಿಯ ಹಿಂಬದಿಯಲ್ಲಿ ಸಕ್ಕರೆ ಎಷ್ಟೆಂದು ಒಮ್ಮೆ ಓದಿದರೆ ಅದರ ಹಂಬಲ ತಾನಾಗಿ ಹೋಗುತ್ತದೆ.

ರೇಷನ್ ಅಕ್ಕಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಹಾನಿ ಮಾಡುತ್ತಿದೆ. ಅಕ್ಕಿ ತೊಳೆಯುವಾಗ ಬೇರೆ ಬಣ್ಣದ ಕೆಲವು ಕಾಳು ಮೇಲೆ ತೇಲಿದರೆ ಅವನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಎಸೆಯುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಆಕಾರಕ್ಕೆ ಒತ್ತಿ ನೂರಕ್ಕೆ ಒಂದರಂತೆ ಬೆರೆಸಿದ ಸಾರವರ್ಧಿತ ಅಕ್ಕಿ. ಎಸೆಯಬೇಡಿ. ಎರಡು ಸಲ ಹಗುರವಾಗಿ ತೊಳೆದರೆ ಸಾಕು, ನೀರು ಅಳತೆಯಲ್ಲೇ ಇಟ್ಟು ಬೇಯಿಸಿ. ಗಂಜಿ ಬಸಿಯುವ ಅಭ್ಯಾಸವಿದ್ದರೆ ಆ ಗಂಜಿಯನ್ನು ಚೆಲ್ಲದೆ ಕುಡಿಯಿರಿ ಅಥವಾ ಸಾರಿಗೆ ಹಾಕಿ. ಮನೆಯಲ್ಲಿ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ಇರುವವರಿದ್ದರೆ ಮಾತ್ರ ಈ ಅಕ್ಕಿಯ ಬಗ್ಗೆ ವೈದ್ಯರನ್ನು ಕೇಳಿ.

ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ಸಿ ವಿಟಮಿನ್ ಜೊತೆಗಿರಬೇಕು. ಊಟಕ್ಕೆ ಅರ್ಧ ನಿಂಬೆ, ಒಂದು ತುಂಡು ಸೀಬೆಹಣ್ಣು, ಒಂದು ನೆಲ್ಲಿಕಾಯಿ, ಯಾವುದಾದರೂ ಆಗುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಇದೆಲ್ಲ ಅರ್ಧಕ್ಕರ್ಧ ವ್ಯರ್ಥ, ಒಂದು ಗಂಟೆ ಅಂತರ ಇರಲಿ. ಹಣ್ಣೆಂದರೆ ಸೇಬು ಎಂಬ ಭಾವನೆ ಬೇಡ. ಸೀಬೆ, ಪಪ್ಪಾಯಿ, ಬಾಳೆ ಸಾಕಷ್ಟು ಒಳ್ಳೆಯವು, ಸಿ ವಿಟಮಿನ್ನಿನಲ್ಲಂತೂ ಸೀಬೆಗೆ ಸೇಬು ಸಮವೇ ಅಲ್ಲ.

ತರಕಾರಿಯಲ್ಲಿ ಉಳಿತಾಯ ಆಗುವುದು ಸಂತೆ ಮುಗಿಯುವ ಹೊತ್ತಿಗೆ. ಮೆತ್ತಗಾದ ಟೊಮೆಟೊ ಸಾರಿಗೆ ಸರಿ, ಹಸಿರು ಬಣ್ಣಕ್ಕೆ ತಿರುಗಿದ ಆಲೂಗಡ್ಡೆ ಮಾತ್ರ ಎಷ್ಟು ಅಗ್ಗವಾದರೂ ಬೇಡ, ಅದರಲ್ಲಿ ವಿಷಾಂಶವಿರುತ್ತದೆ. ಮೂಲಂಗಿ, ನವಿಲುಕೋಸು ಕೊಳ್ಳುವಾಗ ಸೊಪ್ಪನ್ನು ಕಿತ್ತು ಅಲ್ಲೇ ಬಿಟ್ಟು ಬರಬೇಡಿ, ಹೆಸರುಬೇಳೆ ಹಾಕಿದರೆ ಒಂದು ಹೊತ್ತಿನ ಪಲ್ಯ. ಬೇಸಿಗೆಯಲ್ಲಿ ಸೊಪ್ಪಿನ ಬೆಲೆ ಏರಿದಾಗ ಸಿಹಿಗುಂಬಳ, ನುಗ್ಗೆಸೊಪ್ಪಿನ ಕಡೆ ತಿರುಗಿ.

ಇನ್ನು ಒಟ್ಟು ಲೆಕ್ಕ. ಬೆಲೆ ಊರಿಂದೂರಿಗೆ ಬೇರೆ, ನಿಮ್ಮಂಗಡಿಯ ಬೆಲೆ ಹಾಕಿಕೊಳ್ಳಿ. ಅಕ್ಕಿ 20 ಕೆ.ಜಿ. ರೇಷನ್ನಿನದು ಎಂದಿಟ್ಟುಕೊಂಡರೆ, ರಾಗಿ 7 ಕೆ.ಜಿ.ಗೆ 315 ರೂಪಾಯಿ, ತೊಗರಿಬೇಳೆಗೆ 300, ಕಾಳುಗಳಿಗೆ 315, ಒಂದೂವರೆ ಕೆ.ಜಿ. ಕಡಲೆಬೀಜಕ್ಕೆ 195, ಹಾಲಿಗೆ 1,080, ಮೊಟ್ಟೆ 60ಕ್ಕೆ 420, ಎಣ್ಣೆ 3 ಲೀಟರಿಗೆ 450, ತರಕಾರಿ-ಸೊಪ್ಪು ದಿನಕ್ಕೆ 1.4 ಕೆ.ಜಿ.ಯಂತೆ 1,470, ಹಣ್ಣಿಗೆ 500, ಉಪ್ಪು, ಖಾರ, ಹುಣಸೆ, ಕಾಯಿ, ಬೆಲ್ಲ, ಕಾಫಿಪುಡಿಗೆ 700. ಒಟ್ಟು 5,745. ಎಣ್ಣೆ 3 ಲೀಟರ್ ದಾಟಿದರೆ ಲೆಕ್ಕವೂ ತಪ್ಪುತ್ತದೆ, ಆರೋಗ್ಯವೂ ತಪ್ಪುತ್ತದೆ. ಒಂದೊಂದು ಲೀಟರ್ ಬಾಟಲಿ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ, ಹತ್ತು ದಿನ ಬರಬೇಕು.

ಈ ಪಟ್ಟಿಯಲ್ಲಿ ಬಿಸ್ಕತ್ತು, ಚಿಪ್ಸ್ ಇಲ್ಲ. ಇಬ್ಬರು ಮಕ್ಕಳಿಗೆ ದಿನಕ್ಕೆ 10 ರೂಪಾಯಿಯ ಒಂದೊಂದು ಪ್ಯಾಕೆಟ್ ಎಂದರೆ ತಿಂಗಳಿಗೆ 600 ರೂಪಾಯಿ, ಅದು 85 ಮೊಟ್ಟೆಯ ದುಡ್ಡು. ಸಂಜೆಗೆ ಬೇಯಿಸಿದ ಕಡಲೆಕಾಯಿ, ಕಡಲೆಕಾಳು ಉಸಲಿ, ಹುರಿಗಡಲೆ-ಬೆಲ್ಲ ಕೊಡಿ. ಮಕ್ಕಳು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುತ್ತಿದ್ದರೆ ಅಲ್ಲಿ ಕೊಡುವ ಬಿಸಿಯೂಟ, ಹಾಲು, ಮೊಟ್ಟೆಯನ್ನು (ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು) ಬಿಡದೆ ತೆಗೆದುಕೊಳ್ಳಲಿ. ಸಂಕೋಚಪಡುವ ವಿಷಯವೇ ಅಲ್ಲ ಅದು, ಮಕ್ಕಳ ಹಕ್ಕು.

ತಿಂಗಳ ಕೊನೆಯ ವಾರ ದುಡ್ಡು ಮುಗಿದಾಗ ಬಹಳಷ್ಟು ಮನೆಗಳಲ್ಲಿ ಮೊದಲು ನಿಲ್ಲುವುದು ಕಾಳು, ಮೊಟ್ಟೆ, ಸೊಪ್ಪು. ಕೊನೆಯವರೆಗೂ ನಡೆಯುವುದು ಕಾಫಿ, ಸಕ್ಕರೆ, ಒಗ್ಗರಣೆಯ ಎಣ್ಣೆ. ಇದನ್ನು ತಿರುಗಿಸಿ. ಮೊದಲು ಕಾಫಿ, ಸಕ್ಕರೆ ಇಳಿಸಿ, ಆಮೇಲೆ ದುಬಾರಿ ತರಕಾರಿ, ಆಮೇಲೆ ದೊಡ್ಡವರ ಹಾಲು. ಕಾಳಿಗೆ ಕೈ ಹಾಕಬೇಡಿ. ತಿಂಗಳ ಸಾಮಾನು ತಂದ ದಿನವೇ ಒಂದು ಕೆ.ಜಿ. ಹುರುಳಿ, ಅರ್ಧ ಕೆ.ಜಿ. ಕಡಲೆಬೀಜವನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಎರಡು ಒಣಮೆಣಸಿನಕಾಯಿ ಇಟ್ಟು ಮುಚ್ಚಿ. 23ನೇ ತಾರೀಖಿನವರೆಗೆ ಅದನ್ನು ತೆಗೆಯಬೇಡಿ.