ಒಬ್ಬನೇ ಸೈನಿಕ, ಎರಡು ನಂಬರ್: ಯಾವುದು ಸರಿ?

ಓದುಗರ ಪ್ರಶ್ನೆ: ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರೊಬ್ಬರ ಪದಕಗಳು ನಮ್ಮಲ್ಲಿವೆ. 1914-15ರ ಸ್ಟಾರ್ ಹಿಂಬದಿಯಲ್ಲಿ ನಾಲ್ಕಂಕಿಯ ಸೈನಿಕ ನಂಬರ್ ಇದೆ, ವಿಕ್ಟರಿ ಪದಕದ ಅಂಚಿನಲ್ಲಿ ಆರಂಕಿಯದು. ಹೆಸರು, ರೆಜಿಮೆಂಟ್ ಒಂದೇ. ಇವರು ಇಬ್ಬರಾ?

ಉತ್ತರ: ಬಹುತೇಕ ಒಬ್ಬರೇ. ಆ ಬದಲಾವಣೆಯೇ ನಿಮಗೆ ಒಳ್ಳೆಯ ಸುಳಿವು. 1917ರ ಆರಂಭದಲ್ಲಿ ಟೆರಿಟೋರಿಯಲ್ ಫೋರ್ಸ್‌ನವರಿಗೆಲ್ಲ, ಅಂದರೆ ಬ್ರಿಟನ್ನಿನ ಅರೆಕಾಲಿಕ ಸ್ವಯಂಸೇವಕ ಪಡೆಯವರಿಗೆ, ಹೊಸ ನಂಬರ್ ಕೊಟ್ಟರು. ಕಾಲಾಳು ಪಡೆಗಳಲ್ಲಿ ಅದು ಸಾಮಾನ್ಯವಾಗಿ 200001ರಿಂದ ಶುರು. ಅಂದರೆ ನಿಮ್ಮವರು ಟೆರಿಟೋರಿಯಲ್, ಆ ಹೊತ್ತಿಗೂ ಸೇವೆಯಲ್ಲಿದ್ದರು.

1920ರವರೆಗೆ ನಂಬರ್ ಕೊಡುತ್ತಿದ್ದದ್ದು ಆಯಾ ರೆಜಿಮೆಂಟ್. ಮೆಷಿನ್ ಗನ್ ಕೋರ್‌ಗೋ ಲೇಬರ್ ಕೋರ್‌ಗೋ ವರ್ಗವಾದರೆ ಹೊಸ ನಂಬರ್. ಒಂದೇ ನಂಬರ್ ಹತ್ತಾರು ಜನರಿಗೆ ಇರುತ್ತಿತ್ತು. ಹಾಗಾಗಿ ಸುಮ್ನೆ ನಂಬರ್ ಹಾಕಿ ಹುಡುಕಿದರೆ ದಾರಿ ತಪ್ಪುತ್ತೀರಿ. ನಂಬರಿನ ಮೊದಲು ಬರುವ ಅಕ್ಷರವೂ ಅಷ್ಟೇ, ಪಡೆ ಬದಲಾದರೆ ಅರ್ಥ ಬೇರೆ. ಆರ್ಮಿ ಸರ್ವಿಸ್ ಕೋರ್‌ನಲ್ಲಿ 'ಟಿ' ಅಂದರೆ ಕುದುರೆ ಗಾಡಿಯ ಸಾಗಣೆ, 'ಎಂ' ಅಂದರೆ ಮೋಟಾರು. ಬಫ್ಸ್ ರೆಜಿಮೆಂಟಿನಲ್ಲಿ ಅದೇ 'ಟಿ' ಟೆರಿಟೋರಿಯಲ್.

ನಂಬರಿನ ನಿಜವಾದ ಬೆಲೆ ಗೊತ್ತಾಗುವುದು ಕಾಗದ ಸಿಗದಿದ್ದಾಗ. 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ ಮೇಲೆ ಬಾಂಬ್ ಬಿದ್ದು, ಈ ಯುದ್ಧದ ಸೈನಿಕರ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋದವು. ನಿಮ್ಮವರದೂ ಹೋಗಿದ್ದರೆ ಅಕ್ಕಪಕ್ಕದ ನಂಬರಿನವರನ್ನು ಹುಡುಕಿ. ಸೇರಿದವರಿಗೆ ಸಾಲಾಗಿ ನಂಬರ್ ಕೊಡುತ್ತಿದ್ದರು ಅಲ್ವಾ? ನಿಮ್ಮವರದು 2417 ಅಂದುಕೊಳ್ಳಿ. ಅದೇ ಬೆಟಾಲಿಯನ್‌ನ 2410 ಸೋಮವಾರ ಸೇರಿದ್ದಾನೆ, 2425 ಬುಧವಾರ. ಹಾಗಾದರೆ ನಿಮ್ಮವರು ಸೇರಿದ್ದೂ ಆ ಎರಡು ಮೂರು ದಿನಗಳಲ್ಲೇ ಇರಬೇಕು. ಬೆಟಾಲಿಯನ್ ಮಾತ್ರ ಅದೇ ಆಗಿರಲಿ, ಯಾಕೆಂದರೆ ಟೆರಿಟೋರಿಯಲ್ ಬೆಟಾಲಿಯನ್‌ಗಳು ತಂತಮ್ಮದೇ ಸಾಲು ಇಟ್ಟುಕೊಂಡಿದ್ದವು. ಇನ್ನೊಂದು ಎಚ್ಚರಿಕೆ: ವರ್ಗವಾಗಿ ಬಂದವರ ಹೊಸ ನಂಬರ್ ವರ್ಗವಾದ ಕಾಲವನ್ನಷ್ಟೇ ಹೇಳುತ್ತದೆ, ಸೈನ್ಯ ಸೇರಿದ ದಿನವನ್ನಲ್ಲ.

1920ರಲ್ಲಿ ಇಡೀ ಸೈನ್ಯಕ್ಕೆ ಒಂದೇ ಸಾಲು ಬಂತು. ರಾಯಲ್ ಸ್ಕಾಟ್ಸ್‌ಗೆ 3044001ರಿಂದ, ಹೀಗೆ ಒಂದೊಂದು ರೆಜಿಮೆಂಟಿಗೆ ಒಂದೊಂದು ಪಾಲು. ಆಮೇಲೆ ವರ್ಗವಾದರೂ ನಂಬರ್ ಬದಲಾಗಲಿಲ್ಲ.

ನೀವು ಮೊದಲು ನೋಡಬೇಕಾದದ್ದು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಪದಕ ಸೂಚಿ ಕಾರ್ಡು (ಮೆಡಲ್ ಇಂಡೆಕ್ಸ್ ಕಾರ್ಡ್), ಅಂದರೆ ಸೈನಿಕನಿಗೆ ಸಲ್ಲಬೇಕಾದ ಪದಕಗಳನ್ನು ಬರೆದಿಟ್ಟ ಕಾರ್ಡು. ನಿಮ್ಮ ಎರಡೂ ನಂಬರ್ ಒಂದೇ ಕಾರ್ಡಿನಲ್ಲಿ ಸಿಕ್ಕರೆ ಅನುಮಾನವೇ ಉಳಿಯುವುದಿಲ್ಲ.