ಬೌದ್ಧ ಪರಿಸರ ಚಿಂತನೆ: ನಾನು ಎಡವಿದ ‘ಚೇತನಾ’

ಪರೀಕ್ಷೆಗೆ ಇನ್ನು ಒಂಬತ್ತು ದಿನ. ಲೋಭ, ದ್ವೇಷ, ಮೋಹ, ಹನ್ನೆರಡು ನಿದಾನಗಳು ಎಲ್ಲ ಗೈಡುಗಳಲ್ಲೂ ಇವೆ, ಬಿಡುತ್ತೇನೆ. (ಒಂದನ್ನು ಆಧರಿಸಿ ಇನ್ನೊಂದು ಹುಟ್ಟುತ್ತದೆ ಎನ್ನುವುದೇ ಪ್ರತೀತ್ಯಸಮುತ್ಪಾದ. ಅದರ ಹನ್ನೆರಡು ಕೊಂಡಿಗಳು, ಅಂದರೆ ಈ ನಿದಾನಗಳು, ಹೇಳುವುದು ದುಃಖ ಹುಟ್ಟುವ ಬಗೆಯನ್ನು. ಅದನ್ನು ಕಾಡು, ನೀರು, ಗಾಳಿಗೆ ಹಿಗ್ಗಿಸಿದವರು ಈ ಕಾಲದವರು. ಉತ್ತರದಲ್ಲಿ ಎರಡನ್ನೂ ಕಲಸಬೇಡಿ.)

ನಾನು ಎರಡು ದಿನ ಸಿಕ್ಕಿಬಿದ್ದದ್ದು ಬೇರೆ ಕಡೆ. ‘ಚೇತನಾಹಂ ಭಿಕ್ಖವೇ ಕಮ್ಮಂ ವದಾಮಿ’ (ಭಿಕ್ಷುಗಳೇ, ಚೇತನಾವನ್ನೇ ನಾನು ಕರ್ಮ ಎನ್ನುತ್ತೇನೆ) ಎಂದು ಪಾಲಿ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಬುದ್ಧನ ಮಾತು. ಚೇತನಾ ಎಂದರೆ ನಮ್ಮ ಕನ್ನಡದ ‘ಚೇತನ’ ಅಲ್ಲ, ಸಂಕಲ್ಪ. ಸಂಕಲ್ಪವೇ ಕರ್ಮ. ಆದರೆ ಭೂಮಿ ಬಿಸಿಯಾಗಲಿ ಎಂದು ಯಾರೂ ಬೈಕ್ ಓಡಿಸುವುದಿಲ್ಲವಲ್ಲ? ಹಾಗಾದರೆ ಹವಾಮಾನ ಬಿಕ್ಕಟ್ಟಿಗೆ ಯಾರೂ ಹೊಣೆಯಲ್ಲ ಎಂದಾಯಿತೇ?

ಗಂಟು ಬಿಚ್ಚಿದ್ದು ವಿನಯಪಿಟಕದ, ಅಂದರೆ ಭಿಕ್ಷುಗಳ ನಿಯಮಗಳ ಗ್ರಂಥದ, ಪುಟ್ಟ ನಿಯಮ. ಪಾಚಿತ್ತಿಯ (ಒಪ್ಪಿಕೊಂಡು ತೊಳೆದುಕೊಳ್ಳಬೇಕಾದ ದೋಷಗಳ ಪಟ್ಟಿ) 20: ಜೀವಿಗಳಿರುವ ನೀರನ್ನು ‘ಜಾನಂ’, ಅಂದರೆ ಅರಿತೂ, ಹುಲ್ಲಿನ ಮೇಲೋ ಮಣ್ಣಿನ ಮೇಲೋ ಸುರಿದರೆ ದೋಷ. 62: ಅರಿತೂ ಅಂಥ ನೀರನ್ನು ಬಳಸಿದರೆ ದೋಷ. ಹುಳ ಕೊಲ್ಲುವ ಆಸೆ ಭಿಕ್ಷುವಿಗಿಲ್ಲ, ಬಾಯಾರಿಕೆ ಅಷ್ಟೇ. ಆದರೂ ತಿಳಿದ ಮೇಲೆ ಜಾರಿಕೊಳ್ಳುವಂತಿಲ್ಲ. ಇನ್ನೂ ಒಂದು: ಭಿಕ್ಷುವಿನ ಎಂಟು ಪರಿಕರಗಳಲ್ಲಿ ನೀರು ಸೋಸುವ ಬಟ್ಟೆಯೂ ಸೇರಿದೆ. ‘ನನಗೆ ಕಾಣಿಸಲಿಲ್ಲ’ ಎನ್ನುವವನನ್ನು ‘ಸೋಸಿ ನೋಡಿದೆಯಾ?’ ಎಂದು ಕೇಳಬಹುದು.

ಇದನ್ನು ಚನ್ನಗಿರಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ಹಚ್ಚಿ ನೋಡಿದೆ. ಅಪ್ಪ ಮೊದಲ ಕೊಳವೆಬಾವಿ ಕೊರೆಸಿದಾಗ ದೊಡ್ಡಪ್ಪನದು ಬತ್ತೀತೆಂದು ತಿಳಿದಿರಲಿಲ್ಲ. ಬತ್ತಿತು. ದೊಡ್ಡಪ್ಪ ಅಪ್ಪನನ್ನು ಕರೆದು, ಬರೀ ಗಾಳಿ ಉಗುಳುವ ಪೈಪನ್ನು ತೋರಿಸಿದರು. ಎರಡು ಬೇಸಿಗೆ ಕಳೆದು ಅಪ್ಪ ಎರಡನೆಯದನ್ನು ಇನ್ನೂ ಆಳಕ್ಕೆ ಕೊರೆಸಿದರು. ಆಸೆ ಅದೇ, ಅಡಿಕೆ ಉಳಿಯಲಿ ಎಂದು. ಆದರೆ ಈ ಸಲ ‘ಜಾನಂ’ ಸೇರಿತ್ತು. (ಇದನ್ನು ಮನೆಯಲ್ಲಿ ಹೇಳುವ ಧೈರ್ಯ ನನಗಿಲ್ಲ.)

ಉಳಿದದ್ದು ಚುಟುಕಾಗಿ. ನೆಲ ಅಗೆಯುವುದು ಪಾಚಿತ್ತಿಯ 10, ಗಿಡ ಕಡಿಯುವುದು 11. ಮಳೆಗಾಲದಲ್ಲೂ ತಿರುಗುವ ಭಿಕ್ಷುಗಳು ಹಸಿರು ಹುಲ್ಲನ್ನೂ ಸಣ್ಣ ಜೀವಿಗಳನ್ನೂ ತುಳಿಯುತ್ತಾರೆ ಎಂದು ಜನ ದೂರಿದ್ದರಿಂದ ಮೂರು ತಿಂಗಳ ವರ್ಷಾವಾಸ, ಅಂದರೆ ಮಳೆಗಾಲದಲ್ಲಿ ಒಂದೇ ಕಡೆ ತಂಗುವ ನಿಯಮ, ಬಂತು. ಥಾಯ್ಲೆಂಡಿನ ಭಿಕ್ಷುಗಳು ಮರಕ್ಕೆ ಕಾಷಾಯ ಸುತ್ತಿ ‘ದೀಕ್ಷೆ’ ಕೊಡುತ್ತಾರೆ. ಮರ ಭಿಕ್ಷುವಾಗಲೆಂದಲ್ಲ, ಕೊಡಲಿ ಹಿಡಿದವನ ಕೈ ಅಳುಕಲೆಂದು.

ನಮ್ಮ ಸೀಮೆಯ ಉದಾಹರಣೆ ಬೇಕಿದ್ದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಶಾಸನ ತಂದೆತಾಯಿಯರ ಸೇವೆಯ ಜೊತೆಗೇ ಜೀವಿಗಳ ಮೇಲೆ ದೃಢವಾದ ದಯೆ ಇರಬೇಕು ಎನ್ನುತ್ತದೆ. ಕಾಡನ್ನು ಸುಮ್ಮನೆ ಸುಡಬಾರದು ಎಂಬ ಮಾತು ಮಾತ್ರ ಇಲ್ಲಿಲ್ಲ, ಅದು ಐದನೆಯ ಸ್ತಂಭಶಾಸನದ್ದು. ಕಿರುಪರೀಕ್ಷೆಯಲ್ಲಿ ಅದನ್ನು ಬ್ರಹ್ಮಗಿರಿಗೆ ಅಂಟಿಸಿ ಎರಡು ಅಂಕ ಕಳೆದುಕೊಂಡೆ.